ತುರುಪು, ಗುಲಾಮ ಮತ್ತು ಇಪ್ಪತ್ತೆಂಟು

ಇಪ್ಪತ್ತೆಂಟು ಆಟ ಗೊತ್ತಿಲ್ಲದವರ ಕೈಗೆ ರಾಜ, ರಾಣಿ ಎರಡೂ ಬಂದರೆ ಮುಖ ಅರಳುತ್ತದೆ. ಗೊತ್ತಿರುವವರು ಹಣೆ ಚಚ್ಚಿಕೊಳ್ಳುತ್ತಾರೆ. ಯಾಕೆಂದರೆ ಈ ಆಟದಲ್ಲಿ ರಾಜನಿಗೆ ಸೊನ್ನೆ, ರಾಣಿಗೂ ಸೊನ್ನೆ. ಎಲ್ಲರಿಗಿಂತ ದೊಡ್ಡವನು ಗುಲಾಮ. ಅವನ ಹಿಂದೆಯೇ ಒಂಬತ್ತು. ಎಕ್ಕದಂಥ ಎಕ್ಕವೂ ಮೂರನೇ ಜಾಗದಲ್ಲಿ ನಿಲ್ಲಬೇಕು.

ಹೆಸರಿನ ಲೆಕ್ಕ ಇಷ್ಟೇ. ಗುಲಾಮನಿಗೆ 3 ಅಂಕ, ಒಂಬತ್ತಕ್ಕೆ 2, ಎಕ್ಕಕ್ಕೆ 1, ಹತ್ತಕ್ಕೆ 1. ಒಂದು ಜಾತಿಗೆ 7 ಆಯಿತು. ಇಸ್ಪೀಟು, ಕಳಾವರ, ಆಟೀನು, ಡೈಮಂಡ್, ನಾಲ್ಕೂ ಜಾತಿ ಸೇರಿದರೆ 28. ರಾಜ, ರಾಣಿ, ಎಂಟು, ಏಳು ಸುಮ್ನೆ ಜೊತೆಗಿರುತ್ತವೆ. ಆರು ಮತ್ತು ಅದಕ್ಕಿಂತ ಸಣ್ಣ ಎಲೆಗಳನ್ನು ಮೊದಲೇ ತೆಗೆದಿಟ್ಟಿರುತ್ತಾರೆ. ಉಳಿಯುವುದು 32 ಎಲೆ, ನಾಲ್ಕು ಜನರಿಗೆ ಎಂಟೆಂಟು. ಎದುರುಬದುರು ಕೂತವರು ಒಂದು ಜೋಡಿ. ಆಟ ಬಲಕ್ಕೆ ಸುತ್ತುತ್ತದೆ.

ಕೇರಳದಲ್ಲಿ ಇದು ಮನೆಮನೆಯ ಆಟ. ಗಡಿ ದಾಟಿ ನಮ್ಮ ಕರಾವಳಿಯಲ್ಲೂ ಆಡುತ್ತಾರೆ.

ಇನ್ನು ತುರುಪು. ಒಬ್ಬರು ಒಂದು ಜಾತಿಯ ಎಲೆ ಇಳಿಸಿದರೆ ಉಳಿದ ಮೂವರೂ ಅದೇ ಜಾತಿಯ ಎಲೆ ಹಾಕಬೇಕು. ದೊಡ್ಡ ಎಲೆ ಹಾಕಿದವರು ನಾಲ್ಕನ್ನೂ ಬಾಚಿಕೊಳ್ಳುತ್ತಾರೆ. ಆ ಜಾತಿ ಕೈಯಲ್ಲಿ ಇಲ್ಲದಿದ್ದರೆ? ಆಗ ಬರುವುದು ತುರುಪು. ಅಂದರೆ ಆ ಆಟದ ಮಟ್ಟಿಗೆ ಮಿಕ್ಕ ಮೂರನ್ನೂ ಮೀರಿಸುವ ಜಾತಿ. ತುರುಪಿನ ಏಳು ಕೂಡ ಬೇರೆ ಜಾತಿಯ ಗುಲಾಮನನ್ನು ಹೊಡೆಯುತ್ತದೆ. ರಾಜಕೀಯದ ಸುದ್ದಿಯಲ್ಲಿ 'ತುರುಪಿನ ಎಲೆ' ಅಂತ ಬರೆಯುತ್ತಾರಲ್ವಾ, ಅದು ಇಲ್ಲಿಂದ ಹೋದದ್ದೇ. ಆದರೆ ಅಲ್ಲಿ ಆ ಮಾತಿಗೆ ದೊಡ್ಡ ಅಸ್ತ್ರ ಅನ್ನುವ ಅರ್ಥ ಬಂದುಬಿಟ್ಟಿದೆ. ಆಟದಲ್ಲಿ ತುರುಪಿನ ಮಜಾ ಇರುವುದೇ ಅದು ಸಣ್ಣ ಎಲೆಯಾಗಿದ್ದಾಗ.

ಇಷ್ಟೆಲ್ಲ ಬೇರೆ ಆಟಗಳಲ್ಲೂ ಉಂಟು. ಇಪ್ಪತ್ತೆಂಟನ್ನು ಬೇರೆ ಮಾಡುವುದು ಬೋರಲು ಮಲಗಿರುವ ಒಂದು ಎಲೆ.

ಮೊದಲು ನಾಲ್ಕು ನಾಲ್ಕು ಎಲೆ ಮಾತ್ರ ಹಂಚುತ್ತಾರೆ. ಆ ಅರ್ಧ ಕೈ ನೋಡಿಕೊಂಡೇ ಹರಾಜಿನ ಹಾಗೆ ಕೂಗಬೇಕು. 14ರಿಂದ ಶುರು. 'ನಮ್ಮ ಜೋಡಿ ಇಷ್ಟು ಅಂಕ ಮಾಡುತ್ತದೆ' ಅನ್ನುವುದು ಆ ಕೂಗಿನ ಅರ್ಥ. ಜಾಸ್ತಿ ಕೂಗಿದವರು ತುರುಪು ಆರಿಸುತ್ತಾರೆ, ಆದರೆ ಬಾಯಿ ಬಿಡುವುದಿಲ್ಲ. ಆ ಜಾತಿಯ ಒಂದು ಎಲೆಯನ್ನು ಮುಂದೆ ಬೋರಲು ಹಾಕಿಡುತ್ತಾರೆ, ಅಷ್ಟೇ. ಆಮೇಲೆ ಉಳಿದ ನಾಲ್ಕು ನಾಲ್ಕು ಎಲೆ ಹಂಚಿಕೆ. ತುರುಪು ಯಾವುದು ಅಂತ ಜೊತೆಗಾರನಿಗೂ ಗೊತ್ತಿಲ್ಲ.

ನಿಮ್ಮ ಮೊದಲ ನಾಲ್ಕು ಎಲೆ ಇವು ಅಂತ ಇಟ್ಟುಕೊಳ್ಳಿ: ಇಸ್ಪೀಟಿನ ಗುಲಾಮ, ಒಂಬತ್ತು, ಏಳು, ಮತ್ತೆ ಆಟೀನಿನ ಎಕ್ಕ. ಧೈರ್ಯ ಮಾಡಿ 17 ಕೂಗಿದಿರಿ. ಇಸ್ಪೀಟಿನ ಏಳನ್ನು ಬೋರಲು ಹಾಕಿದಿರಿ. ಎದುರಾಳಿಗಳು 12 ಅಂಕ ಕಿತ್ತುಕೊಂಡರೆ ನೀವು ಸೋತಿರಿ. ಒಂದು ಸುತ್ತಿನಲ್ಲಿ ನಿಮ್ಮ ಜೊತೆಗಾರ ಕಳಾವರದ ಗುಲಾಮನನ್ನು ಇಳಿಸುತ್ತಾನೆ. ಕಳಾವರದಲ್ಲಿ ಅದಕ್ಕಿಂತ ದೊಡ್ಡದಿಲ್ಲ, 3 ಅಂಕ ಬಂತು ಅಂತಲೇ ಅವನ ಲೆಕ್ಕ. ಮುಂದಿನವನ ಹತ್ತಿರ ಕಳಾವರವೇ ಇಲ್ಲ. ಅವನು 'ತುರುಪು ತೋರಿಸಿ' ಅನ್ನುತ್ತಾನೆ. ನೀವು ಏಳನ್ನು ಮಗುಚಿ ಹಾಕುತ್ತೀರಿ. ಅವನು ಇಸ್ಪೀಟಿನ ಎಂಟು ಹಾಕಿ ಗುಲಾಮನನ್ನು ಹೊಡೆಯುತ್ತಾನೆ. ನಿಮ್ಮ ಕೈಯಲ್ಲಿ ಇಸ್ಪೀಟಿನ ಗುಲಾಮ, ಒಂಬತ್ತು ಎರಡೂ ಇವೆ, ಎಂಟನ್ನು ಹೊಡೆಯಲು ಯಾವುದಾದರೂ ಸಾಕು. ಆದರೆ ಹಾಕುವ ಹಾಗಿಲ್ಲ, ಯಾಕೆಂದರೆ ಹಂಚಿಕೆಯ ಎರಡನೇ ಸುತ್ತಿನಲ್ಲಿ ಬಂದ ಕಳಾವರದ ಹತ್ತು ನಿಮ್ಮ ಕೈಯಲ್ಲೇ ಕೂತಿದೆ. ಅದನ್ನೇ ಹಾಕಬೇಕು. ನಿಮ್ಮ ಒಂದು ಅಂಕವೂ ಅವರ ಪಾಲು. ಕೊನೆಯವನು ಕಳಾವರದ ರಾಜನನ್ನು ಹಾಕಿ ಕೈ ತೊಳೆದುಕೊಳ್ಳುತ್ತಾನೆ. ಒಂದು ಸೊನ್ನೆ ಅಂಕದ ಎಂಟು 4 ಅಂಕ ಹೊತ್ತುಕೊಂಡು ಹೋಯಿತು.

ಅವನು ಕೇಳಲೇಬೇಕು ಅಂತೇನೂ ಇರಲಿಲ್ಲ. ಬೇಡದ ಒಂದು ಎಲೆ ಎಸೆದು ಸುಮ್ಮನಿರಬಹುದಿತ್ತು. ತುರುಪು ಬಯಲಾಗುವ ಮುಂಚೆ ಎಸೆದ ಇಸ್ಪೀಟಿಗೆ ತುರುಪಿನ ಬಲವೂ ಇರುವುದಿಲ್ಲ. ಹಾಗಾಗಿ ಕೇಳುವುದು ಯಾವಾಗ, ಸುಮ್ಮನಿರುವುದು ಯಾವಾಗ ಅನ್ನುವುದರಲ್ಲೇ ಅರ್ಧ ಆಟ. ಕೂಗಿದವರಿಗೂ ಒಂದು ಕಟ್ಟು ಇದೆ. ಬಯಲಾಗುವ ತನಕ ಅವರು ತುರುಪಿನ ಜಾತಿಯಿಂದ ಸುತ್ತು ಶುರು ಮಾಡುವ ಹಾಗಿಲ್ಲ, ಕೈಯಲ್ಲಿ ಬೇರೆ ಏನೂ ಇಲ್ಲದಿದ್ದರೆ ಮಾತ್ರ ಮಾಫಿ. ನನ್ನ ಮಟ್ಟಿಗೆ ಇಡೀ ಆಟದ ಒಳ್ಳೆಯ ನಿಯಮ ಇದೇ. ಇದಿಲ್ಲದಿದ್ದರೆ ಗುಲಾಮ, ಒಂಬತ್ತು ಸಿಕ್ಕವರು ಎರಡೇ ಸುತ್ತಿನಲ್ಲಿ ಎಲ್ಲರ ತುರುಪು ಕಕ್ಕಿಸಿಬಿಡುತ್ತಿದ್ದರು.

ಗುಲಾಮನಿಗೆ ಈ ದೊಡ್ಡಸ್ತಿಕೆ ಎಲ್ಲಿಂದ ಬಂತು? ನೆದರ್ಲೆಂಡ್ಸ್‌ನಲ್ಲಿ ಕ್ಲಾವರ್‌ಯಾಸ್ ಅನ್ನುವ ಆಟವಿದೆ. ಅಲ್ಲಿ ತುರುಪಿನ ಜಾತಿಯಲ್ಲಿ ಗುಲಾಮನಿಗೆ 20, ಒಂಬತ್ತಕ್ಕೆ 14, ಇವೆರಡೂ ಎಕ್ಕಕ್ಕಿಂತ ಮೇಲೆ. ಕಳಾವರಕ್ಕೆ ಡಚ್ಚರ ಮಾತು 'ಕ್ಲಾವರ್', ತುರುಪಿಗೆ 'ಟ್ರೂಫ್'. ಕೊಚ್ಚಿ 1663ರಿಂದ 1795ರ ತನಕ ಡಚ್ಚರ ಕೈಯಲ್ಲಿತ್ತು. ಹೆಸರುಗಳ ಜೊತೆ ಆಟದ ಬೀಜವೂ ಅದೇ ಹಡಗಿನಲ್ಲಿ ಬಂದಿರಬೇಕು ಅನ್ನುವುದು ನಂಬುವಂಥ ಊಹೆ. ಇಲ್ಲಿಗೆ ಬಂದ ಮೇಲೆ ಗುಲಾಮನಿಗೆ ತುರುಪಿನಲ್ಲಷ್ಟೇ ಅಲ್ಲ, ನಾಲ್ಕೂ ಜಾತಿಯಲ್ಲಿ ಪಟ್ಟ ಸಿಕ್ಕಿತು.

ಊರು ಬದಲಾದ ಹಾಗೆ ಅಂಕಿಯೂ ಬದಲಾಗುತ್ತದೆ. ಬಂಗಾಳ, ಬಾಂಗ್ಲಾದೇಶ, ನೇಪಾಳದಲ್ಲಿ ಇದು ಇಪ್ಪತ್ತೊಂಬತ್ತು. ಆ ಹೆಚ್ಚಿನ ಒಂದು ಅಂಕ ಕೊನೆಯ ಸುತ್ತು ಗೆದ್ದವರಿಗೆ ಸೇರಿದ್ದು. ಈಗ ಎಷ್ಟೋ ಕಡೆ ಅದನ್ನು ಎಣಿಸುವುದೇ ಇಲ್ಲ, ಹೆಸರು ಮಾತ್ರ ಉಳಿದಿದೆ. ಅಲ್ಲಿ ತುರುಪಿನ ರಾಜ, ರಾಣಿ ಒಬ್ಬರ ಕೈಯಲ್ಲೇ ಇದ್ದರೆ ಕೂಗಿದ ಅಂಕದಲ್ಲಿ ನಾಲ್ಕು ಹೆಚ್ಚುಕಡಿಮೆ ಆಗುತ್ತದೆ, ಪಾಪದ ರಾಜನಿಗೆ ಅಷ್ಟಾದರೂ ಮರ್ಯಾದೆ. ಶ್ರೀಲಂಕಾದ ತಮಿಳರ ಆಟ ಮುನ್ನೂರ ನಾಲ್ಕು. ಅಲ್ಲಿ ಗುಲಾಮನಿಗೆ 30, ಒಂಬತ್ತಕ್ಕೆ 20, ಎಕ್ಕಕ್ಕೆ 11, ಹತ್ತಕ್ಕೆ 10, ರಾಜನಿಗೆ 3, ರಾಣಿಗೆ 2. ಒಂದು ಜಾತಿಗೆ 76, ನಾಲ್ಕಕ್ಕೆ 304. ಮಹಾರಾಷ್ಟ್ರ, ಗುಜರಾತಿನ ಮೆಂಡಿಕೋಟ್ ಬೇರೆಯೇ ಮನೆತನದ್ದು. ಅಲ್ಲಿ ಬೇಟೆ ಹತ್ತುಗಳಿಗಾಗಿ. ಆದರೆ ತುರುಪನ್ನು ಬೋರಲು ಮಲಗಿಸಿ ಆಡುವ ಒಂದು ಬಗೆ ಅಲ್ಲೂ ಇದೆ, ಅದಕ್ಕೆ 'ಬಂದ್ ಹುಕುಂ' ಅನ್ನುತ್ತಾರೆ.

ಕೇರಳದಲ್ಲೇ ಇದಕ್ಕೊಬ್ಬ ಅಣ್ಣ ಇದ್ದಾನೆ, ಐವತ್ತಾರು. ಎರಡು ಕಟ್ಟು ಎಲೆ, ಮೂವರ ಎದುರು ಮೂವರು, ಎಂಟು ಏಳು ಕೂಡ ಹೊರಗೆ. ಅಲ್ಲಿ ತುರುಪು ಅಡಗುವುದಿಲ್ಲ, ಜಾತಿಯ ಹೆಸರು ಹೇಳಿಯೇ ಕೂಗಬೇಕು. ಅಂಕಿ ಮೊದಲು ಹೇಳಿ ಜಾತಿ ಆಮೇಲೆ ಹೇಳುವುದಕ್ಕೆ ಒಂದು ಅರ್ಥ, ತಿರುಗಿಸಿ ಹೇಳಿದರೆ ಇನ್ನೊಂದು. ಜೊತೆಗಾರನಿಗೆ ಕೈ ತಿಳಿಸುವ ಈ ಮಾತಿನ ಗುಟ್ಟು ಕಲಿಯದೆ ಆ ಆಟಕ್ಕೆ ಕೂತರೆ ಬೈಗುಳ ಖಂಡಿತ.

ಸೋತವರ ಲೆಕ್ಕಕ್ಕೆ ಕಾಗದ, ಪೆನ್ನು ಬೇಕಿಲ್ಲ. ಮಲಯಾಳದಲ್ಲಿ ಕಿವಿಯ ಒಂದು ಒಡವೆಗೆ ಕುಣುಕ್ಕು ಅನ್ನುತ್ತಾರೆ. ಮೇಲಿಂದ ಮೇಲೆ ಸೋತ ಜೋಡಿ ಕೈಗೆ ಸಿಕ್ಕಿದ್ದನ್ನು ಕುಣುಕ್ಕು ಮಾಡಿ ಕಿವಿಗೆ ನೇತುಹಾಕಿಕೊಂಡೇ ಮುಂದಿನ ಆಟ ಆಡಬೇಕು. ಗೆದ್ದರೆ ಮಾತ್ರ ಬಿಚ್ಚಬಹುದು.