ಜ್ವರ ಇಲ್ಲ ಅಂತ ಸುಮ್ನಿರಬೇಡಿ

ಮಳೆಗಾಲ ಹಿಡಿದರೆ ನಮ್ಮ ಕ್ಲಿನಿಕ್ಕಿನಲ್ಲಿ ತುಂಬಾ ಕೇಳಿಬರುವ ಮಾತು ಇದು: "ಜ್ವರ ಏನೂ ಇಲ್ಲ ಡಾಕ್ಟ್ರೇ, ಸುಸ್ತು ಅಷ್ಟೆ. ವಯಸ್ಸಾಯ್ತಲ್ಲ." ಹೇಳುವವರು ಮಗನೋ ಸೊಸೆಯೋ. ಪಕ್ಕದಲ್ಲಿ ಕಂಬಳಿ ಹೊದ್ದು ಕೂತ ಹಿರಿಯರು. ಈ ಮಾತು ಕೇಳಿದರೆ ನನಗೆ ಭಯ ಜಾಸ್ತಿಯಾಗುತ್ತದೆ. ಗಂಭೀರ ಸೋಂಕು ತಗುಲಿದ ವಯಸ್ಸಾದವರಲ್ಲಿ ಶೇ 20ರಿಂದ 30 ಮಂದಿಗೆ ಜ್ವರ ಕಾಣಿಸುವುದೇ ಇಲ್ಲ, ಇಲ್ಲವೇ ತೀರಾ ಕಡಿಮೆ ಇರುತ್ತದೆ.

ಜ್ವರ ಬರಿಸುವುದು ನಮ್ಮದೇ ದೇಹ. ರೋಗಾಣು ಒಳಗೆ ಬಂದಾಗ ರಕ್ಷಣಾ ಕಣಗಳು ರಾಸಾಯನಿಕ ಸಂದೇಶ ಕಳಿಸುತ್ತವೆ, ಅದು ಮೆದುಳಿಗೆ ಮುಟ್ಟಿ ಮೈ ಬಿಸಿಯಾಗುತ್ತದೆ. ವಯಸ್ಸಾದಂತೆ ಈ ಪ್ರತಿಕ್ರಿಯೆ ಮಂಕಾಗುತ್ತದೆ. ಜೊತೆಗೆ ಹಿರಿಯರ ಮಾಮೂಲಿ ಉಷ್ಣತೆಯೇ ಸ್ವಲ್ಪ ಕಡಿಮೆ ಇರುತ್ತದೆ.

ಕಕ್ಕಡದ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ಮಳೆಯಲ್ಲಿ ನಮ್ಮ ಕೊಡಗಿನ ನಾಪೋಕ್ಲು ಕಡೆಯಿಂದ ಒಬ್ಬರನ್ನು ಕರೆತಂದಿದ್ದರು. ಸೈನ್ಯದಿಂದ ನಿವೃತ್ತರಾದವರು, ಎಂಬತ್ತರ ಹತ್ತಿರ. ಅಂಗಿಯ ಗುಂಡಿಗಳು ಮೇಲೆ ಕೆಳಗೆ ಆಗಿದ್ದವು. "ಇವರು ಹೀಗೆ ಅಂಗಿ ಹಾಕಿದ್ದು ನಾನು ನೋಡೇ ಇಲ್ಲ" ಅಂದರು ಹೆಂಡತಿ. "ಬೆಳಿಗ್ಗೆ ಏನು ತಿಂದ್ರಿ ಅಂಕಲ್?" ಅಂತ ಕೇಳಿದೆ. ಹೆಂಡತಿಯ ಮುಖ ನೋಡಿದರು, ಉತ್ತರ ಹೊಳೆಯಲಿಲ್ಲ. ಥರ್ಮಾಮೀಟರಿನಲ್ಲಿ 99 ಡಿಗ್ರಿ ಫ್ಯಾರನ್‌ಹೀಟ್. ಹಳೆ ಚೀಟಿ ತೆಗೆದು ನೋಡಿದರೆ ಅವರ ಮಾಮೂಲಿ 97. ಅಂದರೆ ಎರಡು ಡಿಗ್ರಿ ಏರಿತ್ತು, ಅವರ ಮಟ್ಟಿಗೆ ಅದು ಜ್ವರವೇ. ಉಸಿರು ನಿಮಿಷಕ್ಕೆ 30, ತೀರಾ ಜೋರು. ರಕ್ತದ ಆಕ್ಸಿಜನ್ ಶೇ 88ಕ್ಕೆ ಇಳಿದಿತ್ತು. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗ ಪೂರ್ತಿ ಬೆಳ್ಳಗೆ. ನ್ಯುಮೋನಿಯಾ. ಕೆಮ್ಮು ಮಾತ್ರ ಹೇಳಿಕೊಳ್ಳುವಷ್ಟು ಇರಲಿಲ್ಲ.

ಅಂಥ ಶ್ವಾಸಕೋಶದಲ್ಲಿ ರಕ್ಷಣಾ ಕಣಗಳು ಏನು ಮಾಡುತ್ತಿರುತ್ತವೆ? ಮೊದಲು ಓಡಿಬರುವುದು ನ್ಯೂಟ್ರೋಫಿಲ್ ಎನ್ನುವ ಬಿಳಿ ರಕ್ತಕಣ. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮಿನ ಸಂಶೋಧಕರು ಎಳೆಯರ ಮತ್ತು ಹಿರಿಯರ ನ್ಯೂಟ್ರೋಫಿಲ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಓಡುವ ವೇಗದಲ್ಲಿ ವ್ಯತ್ಯಾಸ ಇರಲಿಲ್ಲ. ದಿಕ್ಕು ತಪ್ಪುತ್ತಿತ್ತು. ಸೋಂಕಿನ ಜಾಗಕ್ಕೆ ನೆಟ್ಟಗೆ ಹೋಗುವ ಬದಲು ಹಿರಿಯರ ಕಣಗಳು ಅಲ್ಲಿ ಇಲ್ಲಿ ಅಲೆಯುತ್ತವೆ. ಅಂಗಾಂಶ ಕರಗಿಸುವ ಕಿಣ್ವಗಳು ಅವುಗಳ ಕೈಯಲ್ಲೇ ಇರುತ್ತವಲ್ಲ, ಅಲೆಯುವ ದಾರಿಯಲ್ಲಿ ಒಳ್ಳೆಯ ಅಂಗಾಂಶವನ್ನೂ ಕೆಡಿಸುತ್ತವೆ. ರೋಗಾಣು ಸಾಯುವುದು ತಡವಾಗುತ್ತದೆ, ಶ್ವಾಸಕೋಶಕ್ಕೆ ಪೆಟ್ಟು ಜಾಸ್ತಿ.

ಇನ್ನೊಂದು ದೊಡ್ಡ ಬದಲಾವಣೆ ಎದೆಮೂಳೆಯ ಹಿಂದೆ, ಹೃದಯದ ಮೇಲ್ಭಾಗದಲ್ಲಿರುವ ಥೈಮಸ್ ಗ್ರಂಥಿಯಲ್ಲಿ. ಇದರ ಕೆಲಸ ಏನೆಂದು 1961ರಲ್ಲಿ ಜಾಕ್ ಮಿಲ್ಲರ್ ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸುವ ತನಕ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಇದನ್ನು ಕಾಫಿ ನರ್ಸರಿ ಅಂದುಕೊಳ್ಳಿ. ಮೂಳೆಮಜ್ಜೆಯಿಂದ ಬಂದ ಎಳೆ ಕಣಗಳು ಇಲ್ಲಿ ಬೆಳೆದು ಟಿ ಕಣಗಳಾಗುತ್ತವೆ. ಆಯ್ಕೆ ಬಹಳ ಕಟ್ಟುನಿಟ್ಟು, ಬಹುಪಾಲು ಎಳೆಯವನ್ನು ಇಲ್ಲೇ ಕಿತ್ತು ಹಾಕುತ್ತದೆ. ಹೊರಬಂದವು ಹೊಸ ರೋಗಾಣುವನ್ನು ಗುರುತಿಸಲು ತಯಾರಿರುತ್ತವೆ. ಆದರೆ ಈ ನರ್ಸರಿ ಬಾಲ್ಯದಿಂದಲೇ ಕಿರಿದಾಗುತ್ತಾ ಹೋಗುತ್ತದೆ. ಅರವತ್ತು ದಾಟುವ ಹೊತ್ತಿಗೆ ಜಾಗದ ತುಂಬ ಕೊಬ್ಬು. ಹೊಸ ಸಸಿ ಬರುವುದು ಹೆಚ್ಚೂಕಡಿಮೆ ನಿಂತೇಹೋಗುತ್ತದೆ, ತೋಟ ಹಳೇ ಗಿಡಗಳ ಮೇಲೆ ನಡೆಯಬೇಕು.

ವಯಸ್ಕರಿಗೆ ಥೈಮಸ್‌ನಿಂದ ದೊಡ್ಡ ಉಪಯೋಗವಿಲ್ಲ ಅಂತ ವೈದ್ಯರೂ ಬಹಳ ಕಾಲ ನಂಬಿದ್ದರು. 2023ರಲ್ಲಿ ಅಮೆರಿಕದ ಬೋಸ್ಟನ್ನಿನಿಂದ ಬಂದ ಅಧ್ಯಯನ ಅದನ್ನು ಅಲುಗಾಡಿಸಿತು. ಶಸ್ತ್ರಚಿಕಿತ್ಸೆಯಲ್ಲಿ ಥೈಮಸ್ ತೆಗೆಸಿಕೊಂಡ ವಯಸ್ಕರಲ್ಲಿ ಐದು ವರ್ಷಕ್ಕೆ ಶೇ 8.1 ಮಂದಿ ತೀರಿಕೊಂಡಿದ್ದರು. ಅದನ್ನು ತೆಗೆಸದೆ ಅಂಥದ್ದೇ ಎದೆಯ ಶಸ್ತ್ರಚಿಕಿತ್ಸೆ ಆದವರಲ್ಲಿ ಶೇ 2.8.

ಹಳೇ ಕಣಗಳಿಗೆ ಹಳೇ ರೋಗಗಳ ನೆನಪು ಚೆನ್ನಾಗಿಯೇ ಇರುತ್ತದೆ. ಆ ನೆನಪೂ ಎಲ್ಲಾ ಕಡೆ ಸಮನಾಗಿ ಉಳಿಯುವುದಿಲ್ಲ. ಸರ್ಪಸುತ್ತು ಇದಕ್ಕೆ ಸಾಕ್ಷಿ. ಚಿಕ್ಕವರಿದ್ದಾಗ ಮೈಮೇಲೆ ಅಮ್ಮ (ಚಿಕನ್‌ಪಾಕ್ಸ್) ಎದ್ದಿರುತ್ತದೆ. ಆ ವೈರಸ್ ಪೂರ್ತಿ ಹೋಗದೆ ನರದ ಬುಡದಲ್ಲಿ ಉಳಿದುಬಿಡುತ್ತದೆ. ಟಿ ಕಣಗಳು ಅದನ್ನು ದಶಕಗಟ್ಟಲೆ ಅದುಮಿಟ್ಟಿರುತ್ತವೆ. ಹಿಡಿತ ಸಡಿಲವಾದ ದಿನ ಅದು ನರದ ಗುಂಟ ಇಳಿದು ಬಂದು ಸೊಂಟದ ಒಂದು ಮಗ್ಗುಲಿಗೆ ನೀರುಗುಳ್ಳೆ ಏಳಿಸುತ್ತದೆ. ವೈರಸ್ ತಡೆಯುವ ಮಾತ್ರೆಯನ್ನು ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುಮಾಡಿದರೆ ಫಲ ಹೆಚ್ಚು. ಮಂತ್ರ ಹಾಕಿಸುತ್ತಾ ವಾರ ಕಳೆದು ಬಂದವರನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಗುಳ್ಳೆ ಒಣಗಿದ ಮೇಲೂ ತಿಂಗಳುಗಟ್ಟಲೆ, ಅಂಗಿ ತಾಗಿದರೂ ತಡೆಯಲಾರದ ನೋವು ಅವರಲ್ಲಿ ಕೆಲವರಿಗೆ ಉಳಿಯುತ್ತದೆ.

ಇಷ್ಟು ಕೇಳಿದವರು "ಹಾಗಾದ್ರೆ ಇಮ್ಯುನಿಟಿ ಜಾಸ್ತಿ ಮಾಡೋ ಪುಡಿ ತಗೋಬಹುದಾ?" ಅನ್ನುತ್ತಾರೆ. ಬೇಡ. ಯಾಕೆಂದರೆ ವಯಸ್ಸಾದವರ ರೋಗನಿರೋಧಕ ವ್ಯವಸ್ಥೆ ಎಲ್ಲಾ ಕಡೆಯೂ ಮಂದ ಆಗಿರುವುದಿಲ್ಲ. ಕೆಲವು ಕಡೆ ಅದು ಅಗತ್ಯಕ್ಕಿಂತ ಹೆಚ್ಚು ಉರಿಯುತ್ತಿರುತ್ತದೆ. ಸೋಂಕೇ ಇಲ್ಲದಿದ್ದರೂ ರಕ್ತದಲ್ಲಿ ಉರಿಯೂತದ ರಾಸಾಯನಿಕಗಳು ಸ್ವಲ್ಪ ಸ್ವಲ್ಪ ಹರಿಯುತ್ತಲೇ ಇರುತ್ತವೆ. ಇಟಲಿಯ ವಿಜ್ಞಾನಿ ಕ್ಲಾಡಿಯೋ ಫ್ರಾನ್ಸೆಸ್ಕಿ 2000ದಲ್ಲಿ ಇದಕ್ಕೆ 'ಇನ್‌ಫ್ಲಮೇಜಿಂಗ್' ಅಂತ ಹೆಸರಿಟ್ಟರು. ಹೊಟ್ಟೆಯ ಬೊಜ್ಜು, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ವಸಡಿನ ಸೋಂಕು, ಬೀಡಿ ಸಿಗರೇಟು ಎಲ್ಲಾ ಇದನ್ನು ಹೆಚ್ಚಿಸುತ್ತವೆ. ಮಳೆಯ ಚಳಿಗೆ ದಿನವಿಡೀ ಸೌದೆ ಒಲೆಯ ಹೊಗೆಯಲ್ಲಿ ಕೂರುವುದೂ ಶ್ವಾಸಕೋಶದ ಕಣಗಳಿಗೆ ಒಳ್ಳೆಯದಲ್ಲ. ಕಕ್ಕಡ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ ಖಂಡಿತ ಮಾಡಿ, ಮನೆಮಂದಿ ಕೂತು ತಿನ್ನಿ. ಲಸಿಕೆ ಬೇಕಾದ ಕಡೆ ಲಸಿಕೆಯೇ ಬೇಕು.

ಲಸಿಕೆಯ ಬಗ್ಗೆ ನಿಜವಾಗಿ ಖುಷಿಪಡುವಂಥ ವಿಷಯ ಇದೆ. ಹಿರಿಯರ ಕಣಗಳು ಮಾಮೂಲಿ ಲಸಿಕೆಗೆ ಕಡಿಮೆ ಸ್ಪಂದಿಸುತ್ತವೆ, ನಿಜ. ಆದರೆ ಪ್ರಚೋದನೆ ಬಲವಾಗಿದ್ದರೆ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಸರ್ಪಸುತ್ತಿನ ಹೊಸ ಲಸಿಕೆಯಲ್ಲಿ ಕಣಗಳನ್ನು ಕೆರಳಿಸುವ ಒಂದು ಸಹಾಯಕ ವಸ್ತು ಸೇರಿಸಿದ್ದಾರೆ. ದೊಡ್ಡ ಪರೀಕ್ಷೆಗಳಲ್ಲಿ ಅದು 50 ದಾಟಿದವರಲ್ಲಿ ಸುಮಾರು ಶೇ 97, 70 ದಾಟಿದವರಲ್ಲೂ ಸುಮಾರು ಶೇ 90ರಷ್ಟು ರಕ್ಷಣೆ ಕೊಟ್ಟಿತು. 2023ರಿಂದ ನಮ್ಮ ದೇಶದಲ್ಲೂ ಸಿಗುತ್ತಿದೆ. ಎರಡು ಡೋಸ್ ಬೇಕು, ಬೆಲೆ ಜಾಸ್ತಿ. ಎಲ್ಲರ ಕೈಗೂ ಎಟುಕುವಂತಾಗಬೇಕು, ತೋಟದ ಕೂಲಿಕಾರರ ಲೈನ್ ಮನೆಯಲ್ಲಿರುವ ಹಿರಿಯರಿಗೂ. ಫ್ಲೂ ಲಸಿಕೆಯನ್ನು ಪ್ರತಿ ವರ್ಷ ಮುಂಗಾರಿಗೆ ಮೊದಲು, ಮೇ ಒಳಗೆ ಹಾಕಿಸಿ. ನ್ಯುಮೋನಿಯಾ ಲಸಿಕೆ ಯಾವುದು, ಯಾವಾಗ ಅಂತ ನಿಮ್ಮ ವೈದ್ಯರನ್ನು ಕೇಳಿ.

ಇನ್ನು ನಡಿಗೆ. 2018ರಲ್ಲಿ ಬ್ರಿಟನ್ನಿನಲ್ಲಿ, ವರ್ಷಗಟ್ಟಲೆ ಸೈಕಲ್ ತುಳಿಯುತ್ತಾ ಬಂದ 55ರಿಂದ 79 ವಯಸ್ಸಿನ 125 ಜನರ ರಕ್ತ ಪರೀಕ್ಷಿಸಿದರು. ಥೈಮಸ್‌ನಿಂದ ಹೊಸದಾಗಿ ಬಂದ ಟಿ ಕಣಗಳು ಅವರಲ್ಲಿ ಎಳೆಯರಷ್ಟೇ ಇದ್ದವು. ನಮ್ಮಲ್ಲಿ ತೋಟದ ಏರು ಇಳಿಜಾರಿನಲ್ಲಿ ಜೀವನಪೂರ್ತಿ ನಡೆದವರು, ಮೊಣಕಾಲು ನೋವು ಶುರುವಾದೊಡನೆ ಪೂರ್ತಿ ಕೂತುಬಿಡುತ್ತಾರೆ. ಅಂಗಳದಲ್ಲಾದರೂ ನಡೆಯಲಿ. ಊಟಕ್ಕೆ ಬರೀ ಗಂಜಿ ಕೊಡಬೇಡಿ. ಮೊಟ್ಟೆ, ಮೀನು, ಕಾಳು ಏನಾದರೂ ದಿನಾ ಇರಲಿ. ರಕ್ಷಣಾ ಕಣಗಳಿಗೂ ಪ್ರೋಟೀನ್ ಬೇಕು.

ಹಿರಿಯರು ಆರೋಗ್ಯವಾಗಿರುವಾಗಲೇ ಕೆಲವು ದಿನ ಉಷ್ಣತೆ ನೋಡಿ ಬರೆದಿಡಿ. ಅದಕ್ಕಿಂತ ಎರಡು ಡಿಗ್ರಿ ಫ್ಯಾರನ್‌ಹೀಟ್ ಏರಿದರೆ ಜ್ವರ ಅಂತಲೇ ತಿಳಿಯಿರಿ. ಊಟ ಬಿಟ್ಟರೆ, ಮಾತು ತಡವರಿಸಿದರೆ, ಹಗಲು ರಾತ್ರಿ ಗೊಂದಲವಾದರೆ, ಇದ್ದಕ್ಕಿದ್ದಂತೆ ಬಿದ್ದರೆ, ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 25 ದಾಟಿದರೆ ತಕ್ಷಣ ಹೊರಡಿ. ಎಣಿಕೆ ಕಡಿಮೆ ಬಂದರೂ ಆ ಬದಲಾವಣೆಗಳು ಹೊಸದಾಗಿದ್ದರೆ ಅವತ್ತೇ ತೋರಿಸಿ. ಬೆಂಗಳೂರಿನಲ್ಲಿರುವ ಮಕ್ಕಳು ಫೋನಿನಲ್ಲಿ "ಜ್ವರ ಇದೆಯಾ?" ಅಂತ ಮಾತ್ರ ಕೇಳಬೇಡಿ, "ಬೆಳಿಗ್ಗೆ ಏನು ತಿಂದ್ರಿ?" ಅಂತಲೂ ಕೇಳಿ. ಅನುಮಾನ ಬಂದರೆ ಬೆಳಕಿರುವಾಗಲೇ ಜೀಪಿಗೆ ಹೇಳಿ. ನಮ್ಮ ಮಳೆಯಲ್ಲಿ ಸಂಜೆಯ ಹೊತ್ತಿಗೆ ರಸ್ತೆಗೆ ಮರ ಬಿದ್ದಿರಬಹುದು, ಕರೆಂಟು, ನೆಟ್‌ವರ್ಕ್ ಎರಡೂ ಹೋಗಿರಬಹುದು.