ಪೈಂಕಿಳಿಯಿಂದ ಪ್ರಕಾಶಕರು ಬಯಸುವುದು

ಮಲಯಾಳದಿಂದ ಕನ್ನಡಕ್ಕೆ ಅನುವಾದಿಸುವ ನನ್ನ ಬಳಿಗೆ ಬರುವ ಬೇಡಿಕೆಗಳಲ್ಲಿ ಒಂದು ಮಾತ್ರ ಪ್ರತಿ ಸಲವೂ ತಾಳ್ಮೆಗೆಡಿಸುತ್ತದೆ. ‘ಆ ಪೈಂಕಿಳಿ ಕಾದಂಬರಿಗಳಿವೆಯಲ್ಲ ಸರ್, ಸ್ವಲ್ಪ ದೊಡ್ಡವರು ಓದುವಂಥವು, ನಾಲ್ಕೈದು ಆರಿಸಿ ಕೊಡಿ’ ಎಂದು ಪ್ರಕಾಶಕರು ದನಿ ತಗ್ಗಿಸಿ ಕೇಳುತ್ತಾರೆ. ಅವರಿಗೆ ಬೇಕಾದದ್ದೇನೆಂದು ಆ ತಗ್ಗಿದ ದನಿಯೇ ಹೇಳುತ್ತದೆ. ಅಂಥ ಅಶ್ಲೀಲ ಪೈಂಕಿಳಿಯಲ್ಲಿ, ಅಂದರೆ ಮಲಯಾಳದ ಜನಪ್ರಿಯ ಪ್ರೇಮ ಕಾದಂಬರಿಗಳಲ್ಲಿ, ಇಲ್ಲವೆಂದರೆ, ಒಳ್ಳೆಯ ಮಾಲನ್ನು ನಾನು ಬೇರೆಯವರಿಗಾಗಿ ಬಚ್ಚಿಟ್ಟಿದ್ದೇನೆಂಬಂತೆ ನೋಡುತ್ತಾರೆ.

ಈ ಪ್ರಕಾರಕ್ಕೆ ಹೆಸರು ಬಂದದ್ದು ಮುಟ್ಟತ್ತು ವರ್ಕಿಯವರ 1955ರ ‘ಪಾಡಾತ್ತ ಪೈಂಕಿಳಿ’ಯಿಂದ. ಚಂಗನಾಶ್ಶೇರಿ ಸಮೀಪದ ವರ್ಕಿಯವರು ‘ದೀಪಿಕ’ ಪತ್ರಿಕೆಯಲ್ಲಿ ದುಡಿದವರು. ಬಡ ಉಪಾಧ್ಯಾಯರ ಮಗಳಿಗೂ ಸಿರಿವಂತರ ಮಗನಿಗೂ ಹುಟ್ಟಿದ ಪ್ರೀತಿಯ ಆ ಕಥೆ 1957ರಲ್ಲಿ ಚಲನಚಿತ್ರವಾಯಿತು. ಮಧ್ಯ ತಿರುವಿದಾಂಕೂರಿನ ಕ್ರೈಸ್ತ ಮನೆಗಳು, ರಬ್ಬರ್ ತೋಟ, ಇಗರ್ಜಿ, ಒಪ್ಪದ ಅಪ್ಪ, ಇವೆಲ್ಲ ಮುಂದಿನ ಹಲವು ದಶಕಗಳ ಸಾಮಗ್ರಿಯಾದವು. ಕಾನಂ ಇ.ಜೆ., ಮಾತ್ಯು ಮಟ್ಟಂ, ಜೋಯ್ಸಿ, ಸುಧಾಕರ್ ಮಂಗಳೋದಯಂ ಮೊದಲಾದವರು ಅದನ್ನು ಬೆಳೆಸಿದರು.

ದೇಹವನ್ನು ಮುಚ್ಚುಮರೆಯಿಲ್ಲದೆ ಬರೆದವರು ಬೇರೆಯೇ ಇದ್ದರು. ರೈಲ್ವೆ ಎಂಜಿನಿಯರ್ ಆಗಿದ್ದ ಪಮ್ಮನ್ ಅವರಲ್ಲಿ ಪ್ರಮುಖರು. ಅವರ ‘ಚಟ್ಟಕ್ಕಾರಿ’ 1974ರಲ್ಲಿ ಮಲಯಾಳ ಚಿತ್ರವಾಗಿ, ಮರುವರ್ಷ ಹಿಂದಿಯ ‘ಜೂಲಿ’ಯಾಯಿತು. ಇನ್ನು ಬಸ್ ನಿಲ್ದಾಣದ ಅಂಗಡಿಗಳಲ್ಲಿ ಬೇರೆ ಪತ್ರಿಕೆಗಳ ಅಡಿಯಿಂದ ತೆಗೆದು ಕೊಡುತ್ತಿದ್ದ, ನಿಜವಾದ ಲೇಖಕರ ಹೆಸರಿಲ್ಲದ ಕಾಮಕಥೆಗಳ ‘ಕೊಚ್ಚುಪುಸ್ತಕಂ’ ಎಂಬುದು ಮೂರನೆಯ ಜಾತಿ. ಪ್ರಕಾಶಕರು ದನಿ ತಗ್ಗಿಸುವುದು ಈ ಮೂರನೆಯದಕ್ಕೆ, ಹೇಳುವ ಹೆಸರು ಮೊದಲನೆಯದು.

ಪೈಂಕಿಳಿ ಮಡಿವಂತವಾಗಿದ್ದುದಕ್ಕೆ ಲೇಖಕರ ಸಂಕೋಚ ಕಾರಣವಲ್ಲ, ಅದು ಮನೆಯೊಳಗೆ ಬರುತ್ತಿದ್ದ ದಾರಿ ಕಾರಣ. ಎಷ್ಟು ಸಲ ಹೇಳಿದರೂ ಪ್ರಕಾಶಕರ ತಲೆಗೆ ಹೋಗದ ಅಂಶ ಇದೇ ಆದ್ದರಿಂದ ಸ್ವಲ್ಪ ವಿಸ್ತರಿಸುತ್ತೇನೆ. ಈ ಕಾದಂಬರಿಗಳಲ್ಲಿ ಬಹುಪಾಲು ಮೊದಲು ಓದುಗರ ಕೈಸೇರಿದ್ದು ವಾರಪತ್ರಿಕೆಗಳ ಕಂತುಗಳಾಗಿ. ಕೋಟ್ಟಯಂನಲ್ಲಿ 1937ರಲ್ಲಿ ಆರಂಭವಾದ ಮನೋರಮಾ ವಾರಪತ್ರಿಕೆಯೂ 1969ರಲ್ಲಿ ಎಂ.ಸಿ. ವರ್ಗೀಸ್ ಹುಟ್ಟುಹಾಕಿದ ‘ಮಂಗಳಂ’ ಕೂಡ ಧಾರಾವಾಹಿಗಳ ಬಲದಿಂದಲೇ ಬೆಳೆದವು. 1980ರ ದಶಕದಲ್ಲಿ ಮಂಗಳಂನ ಪ್ರಸಾರ 10 ಲಕ್ಷ ಪ್ರತಿಗಳನ್ನು ಮೀರಿತ್ತು. ಅಂಥ ಪತ್ರಿಕೆಯನ್ನು ಮನೆಯಲ್ಲಿ ಅಜ್ಜಿ, ಸೊಸೆ, ಹೈಸ್ಕೂಲಿನ ಹುಡುಗಿ ಸರದಿಯ ಮೇಲೆ ಓದುತ್ತಿದ್ದರು, ಕಣ್ಣು ಮಂಜಾದವರಿಗೆ ಗಟ್ಟಿಯಾಗಿ ಓದಿ ಹೇಳುವುದೂ ಇತ್ತು. ಅತ್ತೆಯೆದುರು ಓದಲಾಗದ ಸಾಲನ್ನು ಅಚ್ಚು ಮಾಡಿದರೆ ಮುಂದಿನ ವಾರ ಪತ್ರಿಕೆ ಆ ಮನೆಯ ಹೊಸ್ತಿಲು ದಾಟುವುದಿಲ್ಲವೆಂಬುದು ಸಂಪಾದಕರಿಗೆ ಚೆನ್ನಾಗಿ ಗೊತ್ತಿತ್ತು.

ಆದ್ದರಿಂದ ಅಲ್ಲಿ ಆಸೆಯೆಲ್ಲವೂ ಮುಂದೂಡುವುದರಲ್ಲೇ ಇದೆ. ನಾಯಕ ನಾಯಕಿಯ ಕೈ ಹಿಡಿಯಲು ಹೊರಟಾಗ ಹೊರಗೆ ಅಪ್ಪನ ಕೆಮ್ಮು ಕೇಳಿಸಿ, ಕೆಳಗೆ ‘ತುಡರುಂ’ (ಮುಂದುವರಿಯುವುದು) ಎಂದು ಬೀಳುತ್ತದೆ. ಕೈಗೆ ಕೈ ತಾಗಲು ಮತ್ತೆಷ್ಟೋ ವಾರ. ಇದನ್ನೇ ಪುಸ್ತಕವಾಗಿ ಕಟ್ಟಿ ಒಂದೇ ರಾತ್ರಿಯಲ್ಲಿ ಓದಿದವರು ‘ಹೇಳಿದ್ದನ್ನೇ ಹೇಳುತ್ತದೆ’ ಎಂದು ದೂರುತ್ತಾರೆ. ಹಿಂದಿನ ಕಂತನ್ನು ಮರೆತಿರಬಹುದಾದ ಓದುಗರಿಗಾಗಿ ಹಾಕಿದ ಹೊಲಿಗೆ ಅದು, ಪುಸ್ತಕದಲ್ಲಿ ಕಣ್ಣಿಗೆ ಚುಚ್ಚುವುದು ಸಹಜ.

ಕಾಸರಗೋಡಿನ ಒಂದು ಮನೆಯಲ್ಲಿ ನನಗೆ ನೋಡಸಿಕ್ಕ ಸಂಪುಟವೊಂದರಲ್ಲಿ, ಪತ್ರಿಕೆಯಿಂದ ಕತ್ತರಿಸಿ ತೆಗೆದ ಹಾಳೆಗಳನ್ನು ದಪ್ಪ ದಾರದಲ್ಲಿ ಹೊಲಿದಿದ್ದರು. ಹಾಳೆಗಳ ಬೆನ್ನಿಗೆ ಅರ್ಧ ತುಂಡಾದ ಮೀನುಸಾರಿನ ವಿಧಾನ, ತಲೆಗೂದಲ ಎಣ್ಣೆಯ ಜಾಹೀರಾತು. ಒಂದು ಕಂತು ತಪ್ಪಿಹೋದ ಕಡೆ ಖಾಲಿ ಹಾಳೆ ಸೇರಿಸಿ, ನೆರೆಮನೆಯವರಿಂದ ಕೇಳಿದ ಕಥೆಯನ್ನು ಮನೆಯೊಡತಿ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದರು. ಆ ಬರಹ ಮೂಲ ಲೇಖಕರಿಗಿಂತ ಬಿಗಿಯಾಗಿತ್ತೆಂದು ಹೇಳಿದರೆ ಅವರ ಅಭಿಮಾನಿಗಳು ಕ್ಷಮಿಸಬೇಕು.

ಮನೋರಮಾ, ಮಂಗಳಂ ಎಂಬ ಹೆಸರುಗಳ ಮೊದಲಕ್ಷರ ಹಿಡಿದು ‘ಮ’ ಪತ್ರಿಕೆಗಳೆಂದು ಇವುಗಳನ್ನು ಗೇಲಿ ಮಾಡಿದ ವಿಮರ್ಶಕರ ಎಲ್ಲ ಆಕ್ಷೇಪಗಳನ್ನೂ ನಾನು ತಳ್ಳಿಹಾಕಲಾರೆ: ಬಡವಳ ಕಷ್ಟಕ್ಕೆ ಮದುವೆಯೊಂದೇ ಪರಿಹಾರವೆಂಬ ಧೋರಣೆ ಅಲ್ಲಿ ನಿಜಕ್ಕೂ ದಟ್ಟವಾಗಿದೆ. ಆದರೆ ಅಶ್ಲೀಲವೆಂಬ ಆರೋಪ ನಿಲ್ಲುವುದಿಲ್ಲ. ಕನ್ನಡದ ಪ್ರಕಾಶಕರಿಗಂತೂ ಈ ಗೊಂದಲ ಇರಲೇಬಾರದಿತ್ತು. ಅದೇ ಮಂಗಳಂ ಬಳಗ ಕನ್ನಡದಲ್ಲಿ ತಂದ ‘ಮಂಗಳ’ ವಾರಪತ್ರಿಕೆಯ ಧಾರಾವಾಹಿಗಳು ನಮ್ಮ ಎಷ್ಟೋ ಮನೆಗಳ ಅಡುಗೆಮನೆ ಸೇರಿದ್ದವು.

ಒಬ್ಬ ಪ್ರಕಾಶಕರು ಬಿಡದೆ ಕೇಳಿದಾಗ ಮೂರು ಅಧ್ಯಾಯಗಳನ್ನು ಕನ್ನಡಿಸಿ ಕಳುಹಿಸಿದೆ. ‘ಇಬ್ಬರೂ ಒಂದಾಗುವುದು ಯಾವಾಗ?’ ಎಂದು ಫೋನು ಬಂತು. ಮದುವೆಯಾದ ಮೇಲೆ ಎಂದೆ. ‘ಮದುವೆ ಯಾವ ಅಧ್ಯಾಯದಲ್ಲಿ?’ ಎಂದರು. ಕೊನೆಯದರಲ್ಲಿ ಎಂದೆ. ಮತ್ತೆ ಫೋನು ಬರಲಿಲ್ಲ.

ಖಾಸಗಿ ವಾಹಿನಿಗಳು ಬಂದ 1990ರ ದಶಕದಿಂದ ಈ ಓದುಗರಲ್ಲಿ ಬಹಳಷ್ಟು ಮಂದಿ ಸಂಜೆಯ ಸೀರಿಯಲ್ಲಿನತ್ತ ಸರಿದರು. ಈಗಲೂ ಯಾರಾದರೂ ಪೈಂಕಿಳಿಯನ್ನು ಪೈಂಕಿಳಿಯಾಗಿಯೇ ಕನ್ನಡಕ್ಕೆ ತರಬಯಸಿದರೆ, ಇಡಿಯಾಗಿ ಅಚ್ಚು ಹಾಕದೆ ವಾರಕ್ಕೊಂದು ಕಂತಿನಂತೆ ಪ್ರಕಟಿಸಿ ನೋಡಲಿ ಎಂಬುದು ನನ್ನ ಸಲಹೆ. ಹಳೆಯದೆಂದು ಹಕ್ಕುಸ್ವಾಮ್ಯವನ್ನು ಮರೆಯುವಂತಿಲ್ಲ: ನಮ್ಮ ಕಾಯಿದೆಯಲ್ಲಿ ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಅದು ಉಳಿಯುವುದರಿಂದ, 1989ರಲ್ಲಿ ನಿಧನರಾದ ವರ್ಕಿಯವರ ಕೃತಿಗಳಿಗೆ 2049ರ ಕೊನೆಯವರೆಗೂ ಅನುಮತಿ ಬೇಕಾಗುತ್ತದೆ. ಆ ಹಕ್ಕು ಈಗ ಕುಟುಂಬದ ಬಳಿ ಇದೆಯೋ ಪ್ರಕಾಶನ ಸಂಸ್ಥೆಯ ಬಳಿಯೋ ಎಂಬುದನ್ನು ಕೃತಿಯಿಂದ ಕೃತಿಗೆ ವಿಚಾರಿಸಿ, ವಕೀಲರಿಗೊಮ್ಮೆ ತೋರಿಸಿಕೊಂಡು ಬಂದರೆ ಉಳಿದ ಮಾತು ಆಡಬಹುದು.