ಬಾರುಕೋಲಿನ ತುದಿಯಲ್ಲಿ ಫೌಂಡ್ರಿ

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಒಂದು ಪಂಪ್ ಹೌಸಿಂಗ್ (ಪಂಪಿನ ಹೊರಕವಚ) ತಯಾರಾಗುವಷ್ಟರಲ್ಲಿ ನಾಲ್ಕು ಕೈ ದಾಟಿರುತ್ತದೆ: ಕೋರ್ (ಒಳಗಿನ ಪೊಳ್ಳಿಗಾಗಿ ಅಚ್ಚಿನೊಳಗಿಡುವ ಮರಳಿನ ಆಕಾರ) ಮಾಡುವವರು, ಎರಕ ಹೊಯ್ಯುವ ಫೌಂಡ್ರಿ, ಎರಕವನ್ನು ಕೊರೆದು ಅಳತೆಗೆ ತರುವ ಮಷೀನ್ ಶಾಪ್, ಕೊನೆಗೆ ಪಂಪ್ ಜೋಡಿಸುವ ಕಂಪನಿ. ಆ ಕಂಪನಿ ಪಕ್ಕದ ರಸ್ತೆಯಲ್ಲೇ ಇರಬಹುದು, ಕೊಲ್ಹಾಪುರ, ಪುಣೆಯಲ್ಲೂ ಇರಬಹುದು. ಈ ನಾಲ್ವರ ನಡುವೆ ಓಡಾಡುವ ಸುದ್ದಿ ಎಂದರೆ ಹೆಚ್ಚಾಗಿ ಆರ್ಡರ್ ಒಂದೇ. ತೊಂದರೆ ಹುಟ್ಟುವುದೂ ಅಲ್ಲೇ.

ಲೆಕ್ಕ ಹಾಕಿ ನೋಡಿ. ಪ್ರತಿಯೊಬ್ಬರೂ ಒಂದು ತಿಂಗಳ ಬೇಡಿಕೆಯಷ್ಟು ಮಾಲು ದಾಸ್ತಾನು ಇಡುತ್ತಾರೆ ಎನ್ನೋಣ. ತಿಂಗಳಿಗೆ 400 ಪಂಪ್ ಹೋಗುತ್ತಿದ್ದುದು 440ಕ್ಕೆ ಏರಿತು. ಕಂಪನಿ ದಾಸ್ತಾನಿಗೆ 40 ಕೂಡಿಸಿ ಮಷೀನ್ ಶಾಪಿಗೆ 480 ಬರೆಯುತ್ತದೆ. ಮಷೀನ್ ಶಾಪಿನ ಕಣ್ಣಿಗೆ ಬೇಡಿಕೆ 80 ಏರಿದೆ. ತನ್ನ ದಾಸ್ತಾನಿಗೂ 80 ಸೇರಿಸಿ ಫೌಂಡ್ರಿಗೆ 560 ಕೇಳುತ್ತದೆ. ಫೌಂಡ್ರಿ ಅದಕ್ಕೆ 160 ಕೂಡಿಸಿ ಕೋರಿನವರಿಗೆ 720 ಹೇಳುತ್ತದೆ. ಮರು ತಿಂಗಳೂ ಹೋಗುವ ಪಂಪ್ 440. ಆದರೆ ಕಂಪನಿ ದಾಸ್ತಾನಿಗೆ ಈಗ ಕೂಡಿಸಬೇಕಿಲ್ಲ, ಉಳಿದವರು ಬೇಡಿಕೆ ಇಳಿದಷ್ಟನ್ನು ದಾಸ್ತಾನಿನಿಂದಲೂ ಕಳೆಯುತ್ತಾರೆ. ಹಾಗಾಗಿ ಕಂಪನಿಯ ಆರ್ಡರ್ 440ಕ್ಕೆ, ಮಷೀನ್ ಶಾಪಿನದು 400ಕ್ಕೆ, ಫೌಂಡ್ರಿಯದು 240ಕ್ಕೆ ಇಳಿಯುತ್ತದೆ. ಗಿರಾಕಿಯ ಬೇಡಿಕೆ ಏರಿದ್ದು ನೂರಕ್ಕೆ ಹತ್ತು. ಕೋರಿನವರು ಕಂಡಿದ್ದು 400, 720, 240. ಇದರಲ್ಲಿ ಯಾರೂ ಸುಳ್ಳು ಹೇಳಿಲ್ಲ, ಲೆಕ್ಕವನ್ನೂ ತಪ್ಪಿಲ್ಲ.

ಇದಕ್ಕೆ ಬುಲ್‌ವಿಪ್ ಪರಿಣಾಮ ಎನ್ನುತ್ತಾರೆ. ಎತ್ತು ಹೊಡೆದವರಿಗೆ ಬಿಡಿಸಿ ಹೇಳಬೇಕಿಲ್ಲ: ಬಾರುಕೋಲಿನ ಹಿಡಿ ಗೇಣು ಅಲುಗಿದರೆ ತುದಿ ಮಾರುದ್ದ ಬೀಸುತ್ತದೆ. ಅಮೆರಿಕದ ಪ್ರಾಧ್ಯಾಪಕ ಜೇ ಫಾರೆಸ್ಟರ್ 1961ರಲ್ಲೇ ಇದನ್ನು ತೋರಿಸಿದ್ದರು. ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿ ಕಂಡದ್ದು ಡೈಪರ್ ಆರ್ಡರುಗಳಲ್ಲಿ: ಕೂಸುಗಳ ಬಳಕೆ ಎಂದಿನಷ್ಟೇ, ಆರ್ಡರ್ ಮಾತ್ರ ಕುಣಿಯುತ್ತಿತ್ತು.

ಹಾಗಾಗಿ ನಾಲ್ವರಿಗೂ ಕಾಣಬೇಕಾದ್ದು ಬಳಕೆಯ ಅಂಕಿ. ಪ್ರತಿ ಸೋಮವಾರ ಒಂದೇ ಹಾಳೆ ಸಾಕು: ಹೋದ ವಾರ ಜೋಡಣೆಗೆ ನಿಜವಾಗಿ ಇಳಿದ ಸಂಖ್ಯೆ, ಪ್ರತಿಯೊಬ್ಬರಲ್ಲಿರುವ ಸರಿ ಮಾಲು, ಕೆಲಸದಲ್ಲಿರುವ ಮಾಲು, ದಾರಿಯಲ್ಲಿರುವ ಮಾಲು. 'ಸರಿ ಮಾಲು' ಎಂಬ ಮಾತಿಗೆ ಒತ್ತು ಕೊಡಿ. ಮೂಲೆಯಲ್ಲಿ ಬಿದ್ದ ರಿಜೆಕ್ಷನ್, ತಪಾಸಣೆಯಾಗದ ರಾಶಿ ಎರಡನ್ನೂ ಕಂಪ್ಯೂಟರ್ ದಾಸ್ತಾನು ಎಂದೇ ಎಣಿಸುತ್ತದೆ. 120 ಎಂದು ತೋರಿಸಿದಲ್ಲಿ ಹೋಗಿ ಎಣಿಸಿದರೆ 70 ಸಿಗುತ್ತದೆ. ದಾರಿಯ ಮಾಲು ಎರಡು ಸಲ ಎಣಿಕೆಯಾಗುವುದೂ ಉಂಟು. ಚಲನ್ (ಮಾಲು ಕಳಿಸುವ ಚೀಟಿ) ಆದೊಡನೆ ಕಳಿಸಿದವರು ಕಳೆಯಬೇಕು, ಒಳಬಂದ ರಸೀದಿ ಆದ ಮೇಲೆಯೇ ಪಡೆದವರು ಕೂಡಿಸಬೇಕು. ಅಲ್ಲಿಯವರೆಗೆ ಆ ಚಲನ್ ನಂಬರ್ ದಾರಿಯ ಕಾಲಮ್ಮಿನಲ್ಲೇ ಇರಲಿ.

ಅಂಕಿಗಿಂತ ದುಬಾರಿಯಾಗುವುದು ರಿಜೆಕ್ಷನ್ ಸುದ್ದಿ ತಡವಾಗುವುದು. ಫೆಟ್ಲಿಂಗ್ (ಅಂಚು ಉಜ್ಜಿ ಶುಚಿ ಮಾಡುವುದು) ಆದಾಗ ಚೆಂದವಾಗಿಯೇ ಕಾಣುವ ಕಾಸ್ಟಿಂಗ್ (ಎರಕದ ಭಾಗ), ಬೋರಿಂಗ್‌ನಲ್ಲಿ 2 ಮಿ.ಮೀ. ಸುಲಿದ ಮೇಲೆ ಬ್ಲೋಹೋಲ್ (ಎರಕದಲ್ಲಿ ಅನಿಲ ಸಿಕ್ಕಿ ಆದ ತೂತು) ತೋರಿಸುತ್ತದೆ. ಮಷೀನ್ ಶಾಪ್ ಅದೇ ದಿನ ಫೋಟೋ, ಹೀಟ್ ನಂಬರ್ (ಯಾವ ಸಲ ಕರಗಿಸಿದ ಲೋಹ ಎಂಬ ಗುರುತು), ತೂತು ಎಲ್ಲಿದೆ, ಎಷ್ಟು ಆಳ ಎಂದು ಕಳಿಸಿದರೆ ಫೌಂಡ್ರಿ ಹುಡುಕಬೇಕಾದ ಜಾಗ ಕಿರಿದಾಗುತ್ತದೆ. ಕೋರಿನ ಸುತ್ತಲೇ ಇದ್ದರೆ ಕೋರ್ ತೇವ ಹಿಡಿದಿರಬಹುದು, ಇಲ್ಲವೇ ಅದರ ಗಾಳಿದಾರಿ ಮುಚ್ಚಿರಬಹುದು. ಬೆಳಗಾವಿಯ ಮಳೆಗಾಲದಲ್ಲಿ ರಾತ್ರಿಯಿಡೀ ಬಯಲಲ್ಲಿಟ್ಟ ಕೋರಿಗೆ ಇದು ಸಾಮಾನ್ಯ. ಮೇಲ್ಮೈಯಲ್ಲೆಲ್ಲ ಹರಡಿದ್ದರೆ ಮರಳಿನ ತೇವ, ಸುರಿದ ಲೋಹದ ಬಿಸಿ ನೋಡಬೇಕು. ಅದೇ ಹೀಟಿನ ಉಳಿದ ಕಾಸ್ಟಿಂಗನ್ನು ಮಷೀನಿಗೆ ಹಚ್ಚುವ ಮೊದಲೇ ತಡೆಯಬಹುದು. ತಿಂಗಳ ಕೊನೆಗೆ ಹೀಟ್ ನಂಬರೇ ಇಲ್ಲದ ಡೆಬಿಟ್ ನೋಟ್ (ಹಣ ಕಡಿತದ ಚೀಟಿ) ಬಂದರೆ ತುಕ್ಕು ಹಿಡಿದ ರಾಶಿಯ ಮುಂದೆ ಜಗಳವಾಡಬೇಕಷ್ಟೇ.

ಇದರಲ್ಲಿ ಕಾನೂನಿನ ಗಂಟೂ ಇದೆ. ಸಣ್ಣ ಉದ್ದಿಮೆಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಮಾಲು ತಲುಪಿದ 15 ದಿನದೊಳಗೆ ಬರಹದಲ್ಲಿ ಆಕ್ಷೇಪ ಬರದಿದ್ದರೆ ತಲುಪಿದ ದಿನವೇ ಒಪ್ಪಿದ ದಿನ. ಸಣ್ಣ ಘಟಕಕ್ಕೆ ಹಣ ಕೊಡುವ ಗಡುವು ಅಲ್ಲಿಂದ ಎಣಿಕೆ. ಏನೇ ಕರಾರು ಮಾಡಿಕೊಂಡರೂ ಅದು 45 ದಿನ ದಾಟುವಂತಿಲ್ಲ.

ಡ್ರಾಯಿಂಗ್ ಬದಲಾದಾಗ ವಾಟ್ಸ್ಆ್ಯಪ್ ಫೋಟೋ ನಂಬಬೇಡಿ. ಫೋಟೋದಲ್ಲಿ ಮೊದಲು ಕತ್ತರಿಸಿ ಹೋಗುವುದು ರಿವಿಜನ್ ನಂಬರ್ ಇರುವ ಮೂಲೆಯೇ. ಪೂರ್ತಿ ಪಿಡಿಎಫ್ ಕಳಿಸಿ, ರಿವಿಜನ್ ನಂಬರ್ ಬರೆದ ಉತ್ತರ ತರಿಸಿಕೊಳ್ಳಿ. ಹಳೆಯ ರಿವಿಜನ್ನಿನ ಮಾಲು ಯಾರಲ್ಲಿ ಎಷ್ಟಿದೆ, ಅದನ್ನು ಬಳಸಿ ಮುಗಿಸುವುದೋ ಕರಗಿಸುವುದೋ, ಖರ್ಚು ಯಾರದು ಎಂಬುದು ಪ್ಯಾಟರ್ನಿಗೆ (ಮರಳಿನಲ್ಲಿ ಅಚ್ಚು ಒತ್ತುವ ಮಾದರಿಗೆ) ಕೈ ಹಾಕುವ ಮೊದಲೇ ತೀರ್ಮಾನವಾಗಬೇಕು. ಪ್ಯಾಟರ್ನ್ ಬದಲಾದ ಮೇಲೆ ಹಳೆಯ ಕಾಸ್ಟಿಂಗ್ ಬೇಕೆಂದರೆ ಸಿಗದು.

ದಾಸ್ತಾನು ತೋರಿಸಲು ಫೌಂಡ್ರಿಯವರು ಹಿಂಜರಿಯುವುದು ಸುಮ್ಮನೆ ಅಲ್ಲ. 300 ಇದೆ ಎಂದು ಗೊತ್ತಾದೊಡನೆ ಶೆಡ್ಯೂಲ್ ಕತ್ತರಿಸುವ ಖರೀದಿದಾರರು ಇದ್ದಾರೆ. ಅದಕ್ಕೇ ಮೊದಲು ಬಾಯಿ ಬಿಡಬೇಕಾದವರು ದೊಡ್ಡವರು: ಈ ತಿಂಗಳ ಶೆಡ್ಯೂಲ್ ಪಕ್ಕಾ, ಮುಂದಿನ ತಿಂಗಳದರಲ್ಲಿ ಇಷ್ಟು ಕಾಸ್ಟಿಂಗಿನ ಹೊಣೆ ನಮ್ಮದು ಎಂದು ಬರೆದುಕೊಡಲಿ. ದರ, ಖರ್ಚಿನ ವಿವರ ಈ ಹಾಳೆಗೆ ಬರುವುದೇ ಬೇಡ, ಸಂಖ್ಯೆ ಸಾಕು. ದೊಡ್ಡ ಸಾಫ್ಟ್‌ವೇರೂ ಬೇಡ. ಹೆಚ್ಚು ಓಡುವ ಎರಡು ಭಾಗಗಳಿಂದ ಶುರು ಮಾಡಿ ಎಂಟು ವಾರ ನಡೆಸಿ.

ಫೌಂಡ್ರಿಯೂ ಹೇಳಬೇಕಾದ್ದಿದೆ. ಹೆಸ್ಕಾಂ ವಿದ್ಯುತ್ ನಿಲುಗಡೆ ಪ್ರಕಟವಾದ ದಿನ ಫರ್ನೇಸ್ ನಡೆಯುವುದಿಲ್ಲ. ಗಣೇಶ ಚೌತಿ, ದೀಪಾವಳಿಗೆ ಮೌಲ್ಡಿಂಗಿನವರು ಊರಿಗೆ ಹೋಗುತ್ತಾರೆ, ಬಿಹಾರದ ಹುಡುಗರು ಛಠ್ ಪೂಜೆ ಮುಗಿಸಿಯೇ ಮರಳುತ್ತಾರೆ. ಆ ತಾರೀಖುಗಳನ್ನು ಸೋಮವಾರದ ಹಾಳೆಯ ಕೆಳಗೆ ಮೂರು ವಾರ ಮೊದಲೇ ಬರೆದರೆ ಮಷೀನ್ ಶಾಪ್ ಆ ವಾರಕ್ಕೆ ಬೇರೆ ಕೆಲಸ ಹಚ್ಚಿಕೊಳ್ಳುತ್ತದೆ.